ಅಘನಾಶಿನಿಯಿಂದ ಕುಡ್ಲೆಗೆ, ಗಂಜಿ ಕುಡಿದು

ಗೋಕರ್ಣದ ಕಡೆ ಹೊರಟಿದ್ದೇನೆ ಅಂತ ಆಯಿಗೆ ಫೋನ್ ಮಾಡಿದರೆ ಅವಳು ಮಹಾಬಲೇಶ್ವರನ ಸುದ್ದಿಯನ್ನೇ ಎತ್ತಲಿಲ್ಲ. "ಸಾಣಿಕಟ್ಟೆ ಉಪ್ಪು ಸಿಕ್ಕಿರೆ ಹತ್ತು ಕೇಜಿ ತಗಂಬಾ" ಅಂದಳು. ಅಷ್ಟೇ. ಫೆಬ್ರವರಿ ಬಂತೆಂದರೆ ಅವಳ ತಲೆಯಲ್ಲಿ ಇರುವುದು ಮಿಡಿ ಉಪ್ಪಿನಕಾಯಿ ಒಂದೇ. ಮಿಡಿ ಇನ್ನೂ ಮರದಲ್ಲಿ ಕಣ್ಣುಬಿಟ್ಟಿರುವುದಿಲ್ಲ, ಭರಣಿ ಆಗಲೇ ತೊಳೆದು ಬೋರಲು ಹಾಕಿರುತ್ತದೆ.

ನಾನು ಹೊರಟಿದ್ದು ಉಪ್ಪಿಗಲ್ಲ. ಅಘನಾಶಿನಿ ಊರಿನಿಂದ ಹೊಳೆ ದಾಟಿ, ತದಡಿ, ಬೇಲೆಕಾನು, ಪ್ಯಾರಡೈಸ್, ಹಾಫ್ ಮೂನ್, ಓಂ ಬೀಚು ಅಂತ ಗುಡ್ಡ ಹತ್ತಿ ಇಳಿದು ಕುಡ್ಲೆ ಮುಟ್ಟುವ ಒಂದು ದಿನದ ನಡಿಗೆಗೆ. ಜೊತೆಗೆ ಒಬ್ಬ ಗೈಡು, ನಡುನಡುವೆ ಊರ ಮನೆಗಳಲ್ಲಿ ತಿಂಡಿ ಊಟದ ರುಚಿ. ನಡಿಗೆ ನನ್ನ ಆಸೆ. ಮಂಡ್ಯದವನಾದ ನನ್ನ ಗಂಡ ಬಂದಿದ್ದು ಪೂರ್ತಿಯಾಗಿ ಮೀನಿನ ಆಸೆಗೆ. ನಾನು ಶಿರಸಿ ಕಡೆಯ ಹವ್ಯಕರ ಮನೆಯವಳು, ಮೀನು ಮುಟ್ಟಿದವಳಲ್ಲ. ಬುಕ್ ಮಾಡುವಾಗ "ವೆಜ್ ಇದೆಯಾ?" ಅಂತ ಎರಡು ಸಲ ಕೇಳಿದ್ದೆ. "ಇದೆ ಇದೆ" ಅಂತ ಎರಡು ಸಲವೂ ಉತ್ತರ ಬಂದಿತ್ತು.

ಬೆಳಿಗ್ಗೆ ಆರೂವರೆಗೆ ಕುಮಟಾದಿಂದ ಟೆಂಪೋದಲ್ಲಿ ಅಘನಾಶಿನಿಗೆ ಬಂದು ಇಳಿದೆವು. ಒಟ್ಟು ಎಂಟು ಜನ. ಗೈಡು ಇಪ್ಪತ್ತೈದು ದಾಟದ ಹುಡುಗ, ಆ ಊರಿನವನೇ. ಎಲ್ಲರಿಗೂ ಅವನು "ಅಕ್ಕಾ, ಅಣ್ಣಾ". ನನ್ನ ಶೂ ನೋಡಿ, "ಅಕ್ಕಾ, ಇದು ಎಷ್ಟು ವರ್ಷದ್ದು?" ಅಂದ. ನಕ್ಕು ಸುಮ್ಮನಾದೆ. ಆಗಲೇ ಉತ್ತರ ಕೊಟ್ಟು ಒಂದು ಜೊತೆ ಚಪ್ಪಲಿಯಾದರೂ ಕೇಳಿ ಇಸ್ಕೊಳ್ಳಬೇಕಿತ್ತು.

ಮೊದಲ ರುಚಿ ಹೊಳೆ ದಾಟುವ ಮೊದಲೇ, ಒಂದು ಹೆಂಚಿನ ಮನೆಯ ಜಗಲಿಯಲ್ಲಿ. ಸಗಣಿ ಸಾರಿಸಿದ ಅಂಗಳ, ಒಂದು ಮೂಲೆಯಲ್ಲಿ ಬಲೆ ರಾಶಿ, ಅದರ ಮೇಲೆ ಮಲಗಿದ ಬೆಕ್ಕು. ಮನೆಯ ಅಮ್ಮ ದೊಡ್ಡ ಪಾತ್ರೆ ತಂದಿಟ್ಟು ಮುಚ್ಚಳ ತೆಗೆದರು. ಒಂದರಲ್ಲಿ ಗಂಜಿ, ಇನ್ನೊಂದರಲ್ಲಿ ತೆಂಗಿನಕಾಯಿ ಮಸಾಲೆ ಹಾಕಿದ ಬಳಚು. ಬಳಚು ಅಂದರೆ ಚಿಪ್ಪಿಕಲ್ಲು. ನನ್ನ ಮುಂದೆಯೂ ಒಂದು ತಟ್ಟೆ ಬಂತು. "ನಾನು ತಿನ್ನುವುದಿಲ್ಲ ಅಮ್ಮಾ" ಅಂದೆ. ಅವರು ಗೈಡಿನ ಮುಖ ನೋಡಿದರು, ಗೈಡು ನೆಲ ನೋಡಿದ. ಆ ಎರಡು "ಇದೆ ಇದೆ" ಈ ಜಗಲಿಯವರೆಗೆ ಬಂದೇ ಇರಲಿಲ್ಲ.

"ಯಾವೂರು ನಿಮ್ದು?"

"ಶಿರಸಿ ಹತ್ರ."

"ಓ, ಘಟ್ಟದ ಮೇಲಿನವ್ರು. ಭಟ್ರಾ, ಹೆಗಡೆರಾ?"

"ಹೆಗಡೆ."

"ಹಂಗಾರೆ ನಿಮ್ಗೆ ಬಳಚು ಬ್ಯಾಡ ಬಿಡಿ" ಅಂದು, ಅಪರಾಧ ನನ್ನದೂ ಅಲ್ಲ ಅವರದೂ ಅಲ್ಲ ಅನ್ನುವ ಹಾಗೆ ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಗಾಜಿನ ಬಾಟಲಿ. ಅದರೊಳಗೆ ಮಾವಿನ ಮಿಡಿ, ಕಪ್ಪಗೆ ಸುಕ್ಕಾಗಿ, ರಸದಲ್ಲಿ ಮುಳುಗಿ. ಮುಚ್ಚಳ ತೆಗೆದಾಗ ಬಂದ ವಾಸನೆ ನಮ್ಮನೆ ಅಟ್ಟದ್ದು.

"ಮಿಡಿ ನಿಮ್ಮ ಕಡೆದೇ. ಘಟ್ಟದಿಂದ ತರಿಸ್ತೇವೆ. ಉಪ್ಪು ಮಾತ್ರ ನಮ್ದು."

ಗಂಜಿಯ ಬಗ್ಗೆ ಹೇಳಲೇಬೇಕು. ಅದು ಕಗ್ಗದ ಅಕ್ಕಿ. ಅಘನಾಶಿನಿಯ ಅಳಿವೆಯಲ್ಲಿ ಗಜನಿ ಅನ್ನುವ ಗದ್ದೆಗಳಿವೆ. ಭರತ ಬಂದಾಗ ಉಪ್ಪುನೀರು ನುಗ್ಗುವ ಜಾಗ ಅದು. ಬೇರೆ ಯಾವ ಭತ್ತ ಹಾಕಿದರೂ ಸುಟ್ಟು ಹೋಗುತ್ತದೆ. ಕಗ್ಗ ಮಾತ್ರ ಆಳೆತ್ತರ ಬೆಳೆದು ನೀರಿನ ಮೇಲೆ ತಲೆ ಎತ್ತಿ ನಿಲ್ಲುತ್ತದೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ಕೊಯ್ಯುವಾಗ ತೆನೆಯನ್ನಷ್ಟೇ ಕೊಯ್ಯುತ್ತಾರೆ. ಉಳಿದ ಹುಲ್ಲು ನೀರಿನಲ್ಲೇ ಕೊಳೆತು ಶೆಟ್ಲಿಗೆ (ಅಂದರೆ ಸಿಗಡಿಗೆ), ಮೀನಿಗೆ ಮೇವಾಗುತ್ತದೆ. ಒಂದೇ ಗದ್ದೆ, ಮಳೆಗಾಲದಲ್ಲಿ ಅಕ್ಕಿ, ಆಮೇಲೆ ಮೀನು. ಮಾಣಿಕಟ್ಟಾ ಕಡೆ ಇದನ್ನು ಈಗಲೂ ಹಟ ಹಿಡಿದು ಬೆಳೆಯುತ್ತಾರೆ. ಇದನ್ನೆಲ್ಲ ಗೈಡು ಹೇಳುತ್ತಿದ್ದ, ನಾನು ಒಂದು ಅಗುಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡು ನೋಡುತ್ತಿದ್ದೆ. ಮಾಸಲು ಕೆಂಪು, ದಪ್ಪ, ಮಧ್ಯದಲ್ಲಿ ಒಡೆದಿತ್ತು. ಉಪ್ಪುನೀರಲ್ಲಿ ಬೆಳೆದಿದ್ದಕ್ಕೆ ಉಪ್ಪುಪ್ಪು ಇರಬಹುದು ಅಂದುಕೊಂಡಿದ್ದೆ. ಇಲ್ಲ. ಸಪ್ಪೆಯಲ್ಲೇ ಒಂದು ಸಣ್ಣ ಸಿಹಿ. ಮಿಡಿ ಕಚ್ಚಿ, ಮೇಲೆ ಒಂದು ಗುಟುಕು ಗಂಜಿ. ಮೂರು ಬಟ್ಟಲು ಕುಡಿದೆ. ಇದಕ್ಕೆ "ರುಚಿ ನೋಡುವುದು" ಅಂತ ಯಾಕೆ ಹೆಸರಿಟ್ಟರೋ ಗೊತ್ತಿಲ್ಲ. ನೋಡುವುದಲ್ಲ ಅದು, ಹೊಟ್ಟೆ ತುಂಬಿಸುವುದು.

ಪಕ್ಕದಲ್ಲಿ ಗಂಡ ಚಮಚ ಕೇಳಿದ. ಅಮ್ಮ ಒಂದು ಖಾಲಿ ಚಿಪ್ಪು ಕೈಗಿಟ್ಟು, "ಇದ್ರಲ್ಲೇ ಕೆರೀರಿ" ಅಂದರು. ಇಳಿತದ ಹೊತ್ತಿಗೆ ಹೊಳೆಗಿಳಿದು, ಸೊಂಟದ ನೀರಲ್ಲಿ ನಿಂತು, ಕಾಲಲ್ಲೇ ತಡವಿ ಬಳಚು ಎಲ್ಲಿದೆ ಅಂತ ಹುಡುಕುತ್ತಾರಂತೆ. "ಕಾಲಿಗೆ ಗೊತ್ತಾಗ್ತದೆ" ಅಂದರು. ಆಮೇಲೆ ಗಂಡ ಮಾತಾಡಲಿಲ್ಲ. ಅವನ ತಟ್ಟೆಯ ಪಕ್ಕದ ಚಿಪ್ಪಿನ ರಾಶಿ ನೋಡಿದರೆ ಮಾತಿನ ಅಗತ್ಯವೂ ಇರಲಿಲ್ಲ.

ದೋಣಿಯಲ್ಲಿ ಜನಕ್ಕಿಂತ ಸ್ಕೂಟರುಗಳೇ ಜಾಸ್ತಿ. ಆಚೆ ದಡ ತದಡಿ. ಮೀನಿನ ಬೋಟುಗಳು, ಐಸಿನ ಪೆಟ್ಟಿಗೆಗಳು, ನನ್ನ ಮೂಗಿಗೆ ಕಷ್ಟಕಾಲ. ಅಲ್ಲಿಂದ ಬೇಲೆಕಾನಿನವರೆಗೆ ದಾರಿ ಸಲೀಸು. ಆಮೇಲೆ ಶುರುವಾಗುತ್ತದೆ ಗುಡ್ಡ.

ನಾನು ಘಟ್ಟದ ಮಗಳು, ಗುಡ್ಡ ಅಂದರೆ ನನಗೆ ನೆರಳು, ಜಿಗಣೆ, ತೇವ. ಇದು ಬೇರೆಯೇ ಜಾತಿ. ಬೋಳು ಚಿರೆಕಲ್ಲು, ಬಿಸಿಲಿಗೆ ಕಾದು ಕಬ್ಬಿಣದ ಹಂಚಿನ ಹಾಗೆ. ಅಲ್ಲಲ್ಲಿ ಗೇರುಮರ, ಹೂ ಬಿಟ್ಟು ಅಮಲು ವಾಸನೆ. ಮುಳ್ಳಿನ ಕವಳಿ ಮಟ್ಟಿ. ಎತ್ತರ ದೊಡ್ಡದೇನಲ್ಲ, ಆದರೆ ಹತ್ತಿದ್ದನ್ನೆಲ್ಲ ಮತ್ತೆ ಸಮುದ್ರದ ಮಟ್ಟಕ್ಕೆ ಇಳಿಯಬೇಕು, ಮತ್ತೆ ಹತ್ತಬೇಕು. ದುಡಿದಿದ್ದೆಲ್ಲ ಸಾಲಕ್ಕೆ ಹೋದ ಹಾಗೆ.

ಮೊದಲ ಗುಡ್ಡದ ನೆತ್ತಿಯಲ್ಲಿ ಹುಡುಗ ನಿಲ್ಲಿಸಿದ. "ಹಿಂದೆ ನೋಡಿ."

ಹೊಳೆ ಸಮುದ್ರಕ್ಕೆ ಸೇರುವುದು ಕಾಣುತ್ತಿತ್ತು. ಹೊಳೆಯ ನೀರು ಹಸಿರುಗಂದು, ಸಮುದ್ರದ್ದು ನೀಲಿ, ನಡುವೆ ಒಂದು ಡೊಂಕು ಗೆರೆ. ಈ ಹೊಳೆ ಹುಟ್ಟುವುದು ಶಿರಸಿಯ ಶಂಕರಹೊಂಡದಲ್ಲಿ. ನಮ್ಮ ತೋಟದ ಕೆಳಗಿನ ಹಳ್ಳ ಹೋಗಿ ಸೇರುವುದೂ ಇದಕ್ಕೇ. ಉಂಚಳ್ಳಿಯಲ್ಲಿ 116 ಮೀಟರ್ ಬೀಳುವಾಗ ನೋಡಲು ಶಾಲೆಯಿಂದ ಕರೆದುಕೊಂಡು ಹೋಗಿದ್ದರು. ಒಂದೂ ಅಣೆಕಟ್ಟಿಲ್ಲದೆ ಘಟ್ಟ ಇಳಿದು ಬರುವ ಹೊಳೆ. 2024ರಲ್ಲಿ ಇದರ ಅಳಿವೆಯನ್ನು ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿಸಿದಾಗ ನಮ್ಮ ಊರಿನ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ನಾನೂ ಒಂದು ಚಪ್ಪಾಳೆ ಒತ್ತಿದ್ದೆ. ಆದರೆ ನಲವತ್ತಮೂರು ವರ್ಷದಲ್ಲಿ ಹೊಳೆಯ ಈ ತುದಿಯನ್ನು ಒಮ್ಮೆಯೂ ನೋಡಿರಲಿಲ್ಲ. ಗೋಕರ್ಣಕ್ಕೆ ಬಂದಿದ್ದೆಲ್ಲ ಶ್ರಾದ್ಧ ಕರ್ಮಕ್ಕೆ. ಕೋಟಿತೀರ್ಥ, ದೇವಸ್ಥಾನ, ಭಟ್ಟರ ಮನೆಯಲ್ಲಿ ಊಟ, ವಾಪಸ್. ಕೆಳಗಿನವರು ಏನು ಉಣ್ಣುತ್ತಾರೆ ಅಂತ ಕೇಳಿದ್ದೂ ಇಲ್ಲ. ಮೀನು ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದೆವು, ಅಲ್ವಾ?

ಪ್ಯಾರಡೈಸ್ ಬೀಚು ಚಿಕ್ಕದು, ಬಂಡೆಗಳೇ ಜಾಸ್ತಿ. ಅಲ್ಲಿಂದ ಹಾಫ್ ಮೂನಿಗೆ ಹೋಗುವ ದಾರಿ ಇದೆಯಲ್ಲ, ಅದು ಈ ನಡಿಗೆಯ ಗಂಟಲು. ಒಂದು ಹೆಜ್ಜೆಯಗಲ. ಎಡಕ್ಕೆ ನೇರ ಕೆಳಗೆ ಸಮುದ್ರ. ಕಾಲಡಿಯಲ್ಲಿ ಗೋಲಿ ಗಾತ್ರದ ಚಿರೆಕಲ್ಲಿನ ಹರಳು, ಕಾಲಿಟ್ಟರೆ ಉರುಳುತ್ತದೆ. ಅಲ್ಲೇ ನನ್ನ ಬಲಗಾಲಿನ ಶೂ ಬಾಯಿ ಬಿಟ್ಟಿತು. ಬಿಸಿಲಿಗೆ ಅಂಟು ಕರಗಿ ಅಟ್ಟೆ ಮುಂದಿನಿಂದ ಹಿಂಗಾಲಿನವರೆಗೆ ಕಿತ್ತು ಬಂತು. ನಡೆದರೆ ಪಟ್ ಪಟ್. ಗಂಡ "ಬಿಸಾಕಿ ಬರಿಗಾಲಲ್ಲಿ ಬಾ ಕಣೇ" ಅಂದ. ಕಾದ ಕಲ್ಲಿನ ಮೇಲೆ ಅವನೇ ಬರಲಿ.

ಹುಡುಗ ಹಿಂದೆ ಬಂದು, "ಕೂತ್ಕೊಳ್ಳಿ ಅಕ್ಕಾ, ಗುಡ್ಡದ ಕಡೆ ಮುಖ ಮಾಡಿ, ಕೆಳಗೆ ನೋಡ್ಬೇಡಿ" ಅಂದು ಚೀಲದಿಂದ ಒಂದು ಉಂಡೆ ತೆಗೆದ. ಬಲೆ ಹೊಲಿಯುವ ನೈಲಾನ್ ದಾರ. ಶೂ ಸುತ್ತ ಮೂರು ಸುತ್ತು ಹಾಕಿ, ಮೇಲೆ ಅಡ್ಡಡ್ಡ ಎಳೆದು, ಹಲ್ಲಿನಲ್ಲಿ ಕಚ್ಚಿ ಬಿಗಿದು ಗಂಟು ಹಾಕಿದ. ಯಾವ ಗಂಟು ಅಂದರೆ, "ಬಲೆದು. ನೀರಲ್ಲೂ ಬಿಚ್ಚೂದಿಲ್ಲ." ಬಂಡೆಯ ತುದಿಗೆ ಸೆಲ್ಫಿಗೆ ಹೋಗುತ್ತಿದ್ದ ನಮ್ಮ ಗುಂಪಿನ ಇಬ್ಬರನ್ನು ಅದೇ ಉಸಿರಿನಲ್ಲಿ ಗದರಿ ಕರೆದ. ಆವರೆಗೆ ಅವನ ದನಿ ಅಷ್ಟು ಏರಿದ್ದು ಕೇಳಿರಲಿಲ್ಲ. "ಅಲ್ಲಿ ಪಾಚಿ ಇರ್ತದೆ. ಅಲೆ ಹೇಳಿ ಬರೂದಿಲ್ಲ" ಅಂದು ಆಮೇಲೆ ತುಂಬ ಹೊತ್ತು ಸುಮ್ಮನೇ ನಡೆದ. ಯಾರೂ ಏನೂ ಕೇಳಲಿಲ್ಲ.

ಹಾಫ್ ಮೂನಿನ ನೆರಳಲ್ಲಿ ಎರಡನೇ ರುಚಿ. ಅವನು ಬೆನ್ನ ಮೇಲೆ ಹೊತ್ತು ತಂದಿದ್ದ ಬೇಯಿಸಿದ ಗೆಣಸು, ಜೋನಿ ಬೆಲ್ಲ (ನೀರು ಬೆಲ್ಲ), ಮುರುಗಲು (ಪುನರ್ಪುಳಿ) ಪಾನಕ. ಗೆಣಸು ಗೋಕರ್ಣದ ಮರಳಿನಲ್ಲಿ ಬೆಳೆದಿದ್ದು. ಮುರುಗಲು ನಮ್ಮಲ್ಲೂ ಇದೆ, ಹೊಸದೇನಲ್ಲ. ಆದರೆ ಆ ಬಿಸಿಲಲ್ಲಿ ಆ ಕೆಂಪು ಹುಳಿ ಗಂಟಲಿಗೆ ಇಳಿದಾಗ ಬೆಂಗಳೂರಿನ ಫ್ರಿಜ್ಜಿನಲ್ಲಿ ಮೂಲೆ ಸೇರಿದ ನನ್ನ ಬಾಟಲಿ ನೆನಪಾಯಿತು. "ಮೇ ತಿಂಗಳಲ್ಲಿ ಬನ್ನಿ, ಕರಿ ಈಶಾಡು ಕೊಡ್ತೇನೆ" ಅಂದ. ಅಂಕೋಲೆಯ ಆ ಮಾವಿಗೆ 2023ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು, ಸಿಕ್ಕಿದೆ. "ಜಿಐ ಸಿಕ್ಕಿದ್ಮೇಲೆ ರೇಟ್ ಮೇಲೆ ಹೋಗಿ ನಮ್ಗೇ ಸಿಗೂದಿಲ್ಲ ಈಗ" ಅಂತಲೂ ಸೇರಿಸಿದ.

ಓಂ ಬೀಚಿನ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಮೇಲಿನಿಂದ ನೋಡಿದರೆ ಓಂ, ಕೆಳಗಿಳಿದರೆ ಜನಜಂಗುಳಿ. ಹುಡುಗನೂ ನಿಲ್ಲಿಸದೆ ದಾಟಿಸಿದ.

ಕುಡ್ಲೆ ದಾಟಿ ಗೋಕರ್ಣದ ಕಡೆ ಇಳಿಯುವಲ್ಲಿ ಒಂದು ಹಾಲಕ್ಕಿ ಒಕ್ಕಲಿಗರ ಮನೆಯಲ್ಲಿ ಊಟ. ಕುತ್ತಿಗೆ ತುಂಬ ಕರಿಮಣಿ ಹಾಕಿಕೊಂಡ ಅಜ್ಜಿ, ಬಡಿಸಲು ಸೊಸೆ. ಈ ಸಲ ಹುಡುಗ ದಾರಿಯಲ್ಲೇ ಫೋನ್ ಮಾಡಿ ನನ್ನ ವಿಷಯ ಹೇಳಿದ್ದ. ಎಲ್ಲರಿಗೂ ಬಸಳೆ ಶೆಟ್ಲಿ, ಬಂಗಡೆ ಸಾರು. ನನಗೆ ಬೇರೆ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ ಮಾಡಿದ ಬರೀ ಬಸಳೆ. "ಪಾತ್ರೆ ಹೊಸ್ದು ಮಗಾ" ಅಂತ ಅಜ್ಜಿ ಮೂರು ಸಲ ಹೇಳಿದರು. ನನಗೆ ನಾಚಿಕೆಯಾಯಿತು. ಯಾರು ಇವರಿಗೆ ಅಷ್ಟು ಹೆದರಿಕೆ ಕಲಿಸಿದ್ದು ಅಂತ ಕೇಳಿದರೆ ಉತ್ತರ ನಮ್ಮ ಮನೆಯ ಕಡೆಗೇ ಬರುತ್ತದೆ. ಬಸಳೆ ಎರಡು ಸಲ ಹಾಕಿಸಿಕೊಂಡೆ. ಗಂಡ ಬಂಗಡೆ ಸಾರಿಗೆ ಮುದ್ದೆ ಇದ್ದಿದ್ದರೆ ಅಂತ ಶುರು ಮಾಡಿದ, ಕಣ್ಣಲ್ಲೇ ಸುಮ್ಮನಾಗಿಸಿದೆ.

ಸಂಜೆ ಉಪ್ಪು. ಗೋಕರ್ಣದಿಂದ ಮಾದನಗೇರಿಗೆ ಹೋಗುವ ರಸ್ತೆಯಲ್ಲೇ ಸಾಣಿಕಟ್ಟಾ. ಆಟೋ ನಿಲ್ಲಿಸಿ ಆಗರ ನೋಡಿದೆವು. ಚೌಕ ಚೌಕ ಮಡಿಗಳು, ಅದರಲ್ಲಿ ಆಕಾಶ. ಬಿಸಿಲಿಗೆ ನೀರು ಹೋಗಿ ಉಪ್ಪು ಕೂತಿರುವುದನ್ನು ಹಲಗೆಯಲ್ಲಿ ಎಳೆದು ಸಣ್ಣ ಗುಪ್ಪೆ ಮಾಡಿದ್ದರು. ಅಂಗಡಿ ಉಪ್ಪಿನ ಬಿಳುಪಲ್ಲ, ಮಣ್ಣಿನ ನೆರಳಿರುವ ಬೂದು. ಒಂದು ಹರಳು ಬಾಯಿಗೆ ಹಾಕಿಕೊಂಡೆ. ಮೊದಲು ಉಪ್ಪು, ಆಮೇಲೆ ಸ್ವಲ್ಪ ಕಹಿ, ಆಮೇಲೆ ಮತ್ತೆ ಬೇಕು ಅನ್ನಿಸುವಂಥದ್ದು ಏನೋ. ರಸ್ತೆ ಬದಿಯ ಅಂಗಡಿಯಲ್ಲಿ ಹತ್ತು ಕೇಜಿ ಕಟ್ಟಿಸಿದೆ. ಅಂಗಡಿಯವರು "ಘಟ್ಟದ ಮೇಲಿಗಾ? ಮಿಡಿಗಾ?" ಅಂದರು. ನನ್ನ ಮುಖದ ಮೇಲೇ ಬರೆದಿತ್ತೋ ಏನೋ.

ಗಂಡ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದ. ನಾನು ಮರುದಿನ ಬೆಳಿಗ್ಗೆ ಶಿರಸಿ ಬಸ್ಸು ಹತ್ತಿ, ಚೀಲವನ್ನು ಸೀಟಿನ ಕೆಳಗೆ ತಳ್ಳಿ ನಿದ್ದೆಹೋದೆ. ಹಸಿ ಉಪ್ಪು ನೀರು ಬಿಡುತ್ತದೆ ಅಂತ ಆಯಿ ಹೇಳಿರಲಿಲ್ಲ. ಘಟ್ಟ ಹತ್ತುವಾಗ ಚೀಲದಿಂದ ಇಳಿದ ನೀರು ಸೀಟುಗಳ ಕೆಳಗೆ ಹರಿದು ಹಿಂದಿನ ಬಾಗಿಲವರೆಗೆ ಹೋಗಿತ್ತು. ಕಂಡಕ್ಟರು ಬಂದು ಭುಜ ತಟ್ಟಿ ಎಬ್ಬಿಸಿದರು.

"ಮೇಡಂ, ಮೀನು ಬಸ್ಸಲ್ಲಿ ತರ್ಬಾರ್ದು ಅಂತ ಗೊತ್ತಿಲ್ವಾ?"

"ಮೀನಲ್ಲ ಮಾರಾಯ್ರೇ, ಉಪ್ಪು."

ಅವರು ನಂಬಲಿಲ್ಲ. ಬಗ್ಗಿ ಮೂಸಿ ನೋಡಿದರು. ಚೀಲದ್ದಲ್ಲ, ವಾಸನೆ ಇದ್ದಿದ್ದು ನನ್ನ ಶೂಗೆ ಕಟ್ಟಿದ್ದ ಬಲೆ ದಾರದ್ದು.