ರಿಕಿ ಮಾರ್ಟಿನ್ ಪತ್ರ ಬರೆದ ದಿನ

ಮಾರ್ಚ್ 29, 2025, ಶನಿವಾರ

2010ರಲ್ಲಿ ಇದೇ ದಿನ ಗಾಯಕ ರಿಕಿ ಮಾರ್ಟಿನ್ ತನ್ನ ವೆಬ್‌ಸೈಟಿನಲ್ಲಿ ಒಂದು ಪತ್ರ ಹಾಕಿದ್ದ. ತಾನು ಸಲಿಂಗಿ, ಅದೃಷ್ಟವಂತ ಸಲಿಂಗಿ, ಹಾಗಂತ ಹೇಳಿಕೊಳ್ಳಲು ಹೆಮ್ಮೆ ಇದೆ ಅಂತ. ಆಗ ಅವನಿಗೆ 38 ವರ್ಷ. ನಾಳೆ ಯುಗಾದಿ, ಮನೆ ತುಂಬಾ ಕೆಲಸ, ಆದರೂ ಬೆಳಿಗ್ಗೆಯಿಂದ ಅವನ ಹಾಡುಗಳನ್ನೇ ಹಾಕಿಕೊಂಡಿದ್ದೇನೆ. ಅವನ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ನಮ್ಮಲ್ಲಿ ಹೆಚ್ಚಿನವರಿಗೆ ಅವನು ಗೊತ್ತಾಗಿದ್ದು 1998ರ ಫುಟ್‌ಬಾಲ್ ವಿಶ್ವಕಪ್ ಹಾಡಿನಿಂದ. ಸ್ಪ್ಯಾನಿಷ್‌ನ ಒಂದಕ್ಷರ ಬರದವರೂ ಅದರ ಪಲ್ಲವಿಗೆ ದನಿ ಸೇರಿಸುತ್ತಿದ್ದರು. ಎಲ್ಲಿಂದಲೋ ಧುತ್ತನೆ ಬಂದ ಹೊಸ ಹುಡುಗ ಅಂತಲೇ ಅಂದುಕೊಂಡಿದ್ದೆವು. ಆದರೆ ಅಷ್ಟು ಹೊತ್ತಿಗೆ ಅವನು ಈ ಕಸುಬಿಗೆ ಬಂದು 14 ವರ್ಷ ಆಗಿತ್ತು.

ಅವನು ಬಂದಿದ್ದು ಮೆನುಡೊ ತಂಡದಿಂದ. ಪೋರ್ಟೊ ರಿಕೊದ (ಅಮೆರಿಕದ ಅಧೀನದಲ್ಲಿರುವ ಕೆರಿಬಿಯನ್ ದ್ವೀಪ) ಹುಡುಗರ ತಂಡ ಅದು, 1977ರಲ್ಲಿ ಎಡ್ಗಾರ್ಡೊ ಡಿಯಾಸ್ ಅನ್ನುವವರು ಕಟ್ಟಿದ್ದು. ಐದು ಹುಡುಗರು, ಹಾಡು, ಕುಣಿತ, ಲ್ಯಾಟಿನ್ ಅಮೆರಿಕ ಪೂರ್ತಿ ಹುಚ್ಚೆದ್ದು ನೋಡುತ್ತಿದ್ದ ತಂಡ. ಅಲ್ಲಿ ಒಂದು ಕಟ್ಟಳೆ ಇತ್ತು. ಹುಡುಗನಿಗೆ 16ರ ಹತ್ತಿರ ಬಂತು, ದನಿ ಒಡೆಯಿತು, ಮೀಸೆ ಚಿಗುರಿತು ಅಂದರೆ ಅವನನ್ನು ಕಳಿಸಿಬಿಡುವುದು, ಆ ಜಾಗಕ್ಕೆ ಇನ್ನೊಬ್ಬ ಚಿಕ್ಕವನನ್ನು ತರುವುದು. ಹೆಸರು ಅದೇ, ಹುಡುಗರು ಮಾತ್ರ ಬೇರೆ ಬೇರೆ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಬೆಳೆಯುವುದೇ ತಪ್ಪು ಅಂತ ಮಕ್ಕಳಿಗೆ ಹೇಳಿದ ಹಾಗೆ ಅಲ್ವಾ?

ಪೋರ್ಟೊ ರಿಕೊದ ರಾಜಧಾನಿ ಸಾನ್ ಹುವಾನ್‌ನ ಎನ್ರಿಕೆ ಮಾರ್ಟಿನ್ ಮೊರಾಲೆಸ್, ಅಂದರೆ ನಮ್ಮ ರಿಕಿ, ಆ ತಂಡಕ್ಕೆ ಸೇರಲೇಬೇಕು ಅಂತ ಹಟ ಹಿಡಿದ. ಎರಡು ಸಲ ವಾಪಸ್ ಕಳಿಸಿದರು, ತುಂಬಾ ಕುಳ್ಳ ಇದ್ದಾನೆ ಅಂತ. ಮೂರನೇ ಸಲ, 1984ರಲ್ಲಿ ತೆಗೆದುಕೊಂಡರು. ಆಗ ಅವನಿಗೆ 12. ಮೊದಲ ಪ್ರದರ್ಶನ ಸಾನ್ ಹುವಾನ್‌ನಲ್ಲೇ ಇತ್ತು. ನಿಂತ ಜಾಗದಲ್ಲೇ ನಿಂತಿರಬೇಕು ಅಂತ ನೃತ್ಯ ಹೊಂದಿಸಿದ್ದರೆ ಇವನು ಗೊತ್ತಾಗದೆ ವೇದಿಕೆ ತುಂಬಾ ಓಡಾಡಿಬಿಟ್ಟ. ಮುಗಿದ ಮೇಲೆ ಮ್ಯಾನೇಜರ್ ಚೆನ್ನಾಗಿ ಬೈದರು. ಅವತ್ತಿನಿಂದ ಹೇಳದೆ ಒಂದು ಹೆಜ್ಜೆಯೂ ಕದಲಲಿಲ್ಲ ಅಂತ ಅವನೇ ಮುಂದೆ ಹೇಳಿಕೊಂಡಿದ್ದಾನೆ.

ನನಗೆ ಅವನ ಇಡೀ ಬದುಕು ಅರ್ಥವಾಗುವುದು ಈ ಒಂದು ಬೈಗುಳದಿಂದ. ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಅಪ್ಪ ಅಮ್ಮ ಅವನು ತೀರಾ ಚಿಕ್ಕವನಿದ್ದಾಗಲೇ ಬೇರೆಯಾಗಿದ್ದರು, ತಂಡದಲ್ಲಿದ್ದ ಕಾಲದಲ್ಲೇ ಅಪ್ಪನೋ ಅಮ್ಮನೋ ಆರಿಸಿಕೋ ಅನ್ನುವ ಮಾತು ಬಂದು ಅಪ್ಪನ ಜೊತೆ ವರ್ಷಗಟ್ಟಲೆ ಮಾತೇ ನಿಂತುಹೋಯಿತು. ಇಷ್ಟಾದರೂ ಮೆನುಡೊ ತನಗೆ ಶಿಸ್ತು ಕಲಿಸಿತು ಅಂತ ಅವನು ಹೇಳುತ್ತಾನೆ. ಇರಬಹುದು. ಆದರೆ ಆ ತಂಡದಲ್ಲಿ ತಮಗೆ ಏನೇನು ಹಿಂಸೆ ಆಯಿತು ಅಂತ ಹಳೆಯ ಸದಸ್ಯರು ಕೆಲವರು 2022ರ ಸಾಕ್ಷ್ಯಚಿತ್ರವೊಂದರಲ್ಲಿ ಹೇಳಿದ್ದನ್ನು ಕೇಳಿದ ಮೇಲೆ ಶಿಸ್ತು ಅನ್ನುವ ಮಾತನ್ನು ನಾನಂತೂ ಸುಲಭವಾಗಿ ಒಪ್ಪುವುದಿಲ್ಲ.

1989ರಲ್ಲಿ ತಂಡ ಬಿಟ್ಟ. ಮೆಕ್ಸಿಕೋದಲ್ಲಿ ನಾಟಕ, ಧಾರಾವಾಹಿ, 1991ರಲ್ಲಿ ಮೊದಲ ಸ್ವಂತ ಆಲ್ಬಂ, ಅಮೆರಿಕದ ಟೀವಿಯಲ್ಲಿ ಒಂದು ಪಾತ್ರ, 1996ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿ. ಆಮೇಲೆ ವಿಶ್ವಕಪ್ ಹಾಡು.

1999ರ ಫೆಬ್ರವರಿ 24ರ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭದ ವಿಡಿಯೋ ಸಿಕ್ಕರೆ ದಯವಿಟ್ಟು ನೋಡಿ. ಸ್ಪ್ಯಾನಿಷ್ ಹಾಡು ಅಂದರೆ ಬೇರೆ ವಿಭಾಗ, ಬೇರೆ ಮೂಲೆ ಅಂತ ಇಟ್ಟಿದ್ದ ಸಭೆ ಅದು. ಲೆದರ್ ಪ್ಯಾಂಟ್ ಹಾಕಿಕೊಂಡು ಬಂದ ಇವನು ಕೆಲವೇ ನಿಮಿಷದಲ್ಲಿ ಎಲ್ಲರನ್ನೂ ಎದ್ದು ನಿಲ್ಲಿಸಿದ. ಅದೇ ವರ್ಷ ಮೇ ತಿಂಗಳಲ್ಲಿ 'ಲಿವಿಂಗ್ ಲಾ ವಿಡಾ ಲೋಕಾ' ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಗಿ ಐದು ವಾರ ಅಲ್ಲೇ ಇತ್ತು. ಇಂಗ್ಲಿಷ್ ಆಲ್ಬಂ ಮೊದಲ ವಾರವೇ ಅಮೆರಿಕದಲ್ಲಿ 6,61,000 ಪ್ರತಿ ಮಾರಾಟವಾಯಿತು.

ಅವನು ಸಲಿಂಗಿಯಾ ಅನ್ನುವ ಪ್ರಶ್ನೆಗಳು ಶುರುವಾಗಿದ್ದೂ ಆಗಲೇ. 2000ದಲ್ಲಿ ಅಮೆರಿಕದ ಪತ್ರಕರ್ತೆ ಬಾರ್ಬರಾ ವಾಲ್ಟರ್ಸ್ ಟೀವಿ ಸಂದರ್ಶನದಲ್ಲಿ ಅವನನ್ನು ಎದುರಿಗೆ ಕೂರಿಸಿಕೊಂಡು, ಈ ಗಾಳಿಮಾತನ್ನು ನೀವು ಇಲ್ಲೇ ನಿಲ್ಲಿಸಬಹುದಲ್ಲ ಅಂತ ಮತ್ತೆ ಮತ್ತೆ ಕೇಳಿದರು. ಅವನು ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಆ ಮುಖ ನೋಡಲು ಆಗುವುದಿಲ್ಲ, ನಗು ಹಾಗೇ ಇದೆ, ಕಣ್ಣು ಮಾತ್ರ ಬಾಗಿಲು ಎಲ್ಲಿದೆ ಅಂತ ಹುಡುಕುತ್ತಿರುತ್ತದೆ. ಹಾಗೆ ಕೇಳಬಾರದಿತ್ತು ಅಂತ ವಾಲ್ಟರ್ಸ್ ಹತ್ತು ವರ್ಷದ ನಂತರ ಹೇಳಿದರು.

2008ರಲ್ಲಿ ಬಾಡಿಗೆ ತಾಯಿಯ ಮೂಲಕ ಅವಳಿ ಗಂಡುಮಕ್ಕಳು ಹುಟ್ಟಿದರು. ಎರಡು ವರ್ಷದ ನಂತರ ಆ ಪತ್ರ. ಸುಮ್ನೆ ಇರು, ಇಷ್ಟು ವರ್ಷ ಕಟ್ಟಿದ್ದೆಲ್ಲ ಕುಸಿದುಬೀಳುತ್ತದೆ ಅಂತ ತನಗೆ ತುಂಬಾ ಜನ ಹೇಳಿದ್ದರು, ಹೇಳಿದವರು ಪ್ರೀತಿ ಇದ್ದವರೇ ಅಂತ ಅದರಲ್ಲಿ ಬರೆದಿದ್ದಾನೆ. ಮಕ್ಕಳು ಹುಟ್ಟುವಾಗಲೇ ತಂದ ಬೆಳಕನ್ನು ತನ್ನ ಮುಚ್ಚುಮರೆಯಿಂದ ಮಂಕು ಮಾಡಬಾರದು ಅಂತಲೂ ಬರೆದಿದ್ದಾನೆ. ನನಗೆ ತುಂಬಾ ಹಿಡಿಸಿದ್ದು ಈ ಮಾತು.

ಆ ದಿನಗಳಲ್ಲಿ ನಮ್ಮ ದೇಶದಲ್ಲಿ 377ನೇ ಸೆಕ್ಷನ್ ಬಗ್ಗೆ, ಸಲಿಂಗ ಸಂಬಂಧ ಅಪರಾಧ ಅಲ್ಲ ಅನ್ನುವ ದೆಹಲಿ ಹೈಕೋರ್ಟಿನ ತೀರ್ಪು ಬಂದು ಒಂದು ವರ್ಷವೂ ಆಗಿರಲಿಲ್ಲ. 2013ರಲ್ಲಿ ಆ ತೀರ್ಪು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು, 2018ರಲ್ಲಿ ಸುಪ್ರೀಂ ಕೋರ್ಟೇ ಮತ್ತೆ ಎತ್ತಿ ನಿಲ್ಲಿಸಿತು. ಆ ನಡುವಿನ ವರ್ಷಗಳಲ್ಲಿ ಬಾಯಿ ಮುಚ್ಚಿಕೊಂಡು ಬದುಕಿದವರು ನಮ್ಮ ಸುತ್ತಲೂ ಇದ್ದಾರೆ. ಇಷ್ಟು ಹಣ, ಇಷ್ಟು ಹೆಸರು ಇದ್ದವನಿಗೇ 38 ವರ್ಷ ಬೇಕಾಯಿತು. ಯಾಕೆ ಇಷ್ಟು ತಡ ಅಂತ ಅವನನ್ನು ಬೈಯುವವರು ಸ್ವಲ್ಪ ಇದನ್ನೂ ಯೋಚಿಸಲಿ.

ಕಟ್ಟಿದ್ದು ಕುಸಿಯಲಿಲ್ಲ. 2018ರಲ್ಲಿ ಫ್ಯಾಷನ್ ಡಿಸೈನರ್ ವರ್ಸಾಚೆ ಕೊಲೆಯ ಕಥೆಯ ಟೀವಿ ಸರಣಿಯಲ್ಲಿ ನಟಿಸಿ ಎಮ್ಮಿ ಟೀವಿ ಪ್ರಶಸ್ತಿಗೆ ನಾಮನಿರ್ದೇಶನ ಪಡೆದ. ಜ್ವಾನ್ ಯೋಸೆಫ್ ಎಂಬ ಕಲಾವಿದನನ್ನು ಮದುವೆಯಾದ, ಇನ್ನೂ ಇಬ್ಬರು ಮಕ್ಕಳಾದರು, 2023ರಲ್ಲಿ ಬೇರೆಯಾದರು.

ನನಗೆ ತುಂಬಾ ಇಷ್ಟವಾದ ರಿಕಿ ಮಾತ್ರ 2019ರ ಜುಲೈನವನು. ಪೋರ್ಟೊ ರಿಕೊದ ಗವರ್ನರ್ (ಅಲ್ಲಿ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಆರಿಸುತ್ತಾರೆ) ತನ್ನ ಆಪ್ತರ ಜೊತೆ ಮಾಡಿದ್ದ ಚಾಟ್ ಸೋರಿತು, ನೂರಾರು ಪುಟ. ಹೆಂಗಸರ ಬಗ್ಗೆ, ಎದುರಾಳಿಗಳ ಬಗ್ಗೆ ಹೊಲಸು ಮಾತು. 2017ರ ಮರಿಯಾ ಚಂಡಮಾರುತದಲ್ಲಿ ಸತ್ತವರ ಬಗ್ಗೆಯೂ ತಮಾಷೆ. ರಿಕಿಯ ಬಗ್ಗೆ, ಅವನು ಸಲಿಂಗಿ ಅನ್ನುವುದರ ಬಗ್ಗೆ ಒಬ್ಬ ಅಧಿಕಾರಿ ಬರೆದಿದ್ದನ್ನು ಇಲ್ಲಿ ಹಾಕಲು ನನಗೆ ಮನಸ್ಸಿಲ್ಲ. ರಿಕಿ ಊರಿಗೆ ಬಂದ. ಜುಲೈ 22ರಂದು ಸಾನ್ ಹುವಾನ್‌ನ ಹೆದ್ದಾರಿ ತುಂಬಾ ಜನ, ನಡುವೆ ಲಾರಿಯ ಮೇಲೆ ಅಲ್ಲಿನ ಗಾಯಕರಾದ ಬ್ಯಾಡ್ ಬನಿ, ರೆಸಿದೆಂತೆ ಜೊತೆ ನಿಂತು ಇವನು ಸಲಿಂಗಿಗಳ ಹೆಮ್ಮೆಯ ಗುರುತಾದ ಕಾಮನಬಿಲ್ಲಿನ ಬಾವುಟ ಬೀಸುತ್ತಿದ್ದ. ಎರಡು ದಿನಕ್ಕೆ ಗವರ್ನರ್ ರಾಜೀನಾಮೆ ಘೋಷಿಸಿದರು.