‘ಕಿಮೊ ಬೇಡ, ಇಮ್ಯುನೊಥೆರಪಿ ಸಾಕು’ ಎನ್ನಬಹುದೇ?

ನಾನು ಪೆಥಾಲಜಿಸ್ಟ್. ರೋಗಿಗಳ ಮುಖ ಕಾಣುವುದು ಅಪರೂಪ. ಅವರ ಗಡ್ಡೆಯ ಚೂರು ಸೂಕ್ಷ್ಮದರ್ಶಕದಲ್ಲಿ ದಿನವೂ ಕಾಣುತ್ತದೆ. ಆದರೂ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹರಡಿದೆ ಎಂದು ತಿಳಿದ ಮನೆಯವರು ಹೇಗೋ ನನ್ನನ್ನು ಹುಡುಕಿಕೊಂಡು ಬಂದು ಮೇಲಿನ ಪ್ರಶ್ನೆಯನ್ನೇ ಕೇಳುತ್ತಾರೆ. ನಾನು ತಿರುಗಿ ಕೇಳುವುದೂ ಒಂದೇ: ಎಂಎಂಆರ್ ವರದಿ ಬಂದಿದೆಯೇ?

ಜೀವಕೋಶ ಒಡೆದು ಎರಡಾಗುವಾಗ ಡಿಎನ್‌ಎ ನಕಲಾಗುತ್ತದೆ, ನಕಲಿನಲ್ಲಿ ತಪ್ಪುಗಳು ನುಸುಳುತ್ತವೆ. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ಪ್ರೋಟೀನುಗಳು ಕರಡು ತಿದ್ದುವವರಂತೆ ಅವನ್ನು ಸರಿಪಡಿಸುತ್ತವೆ. ಈ ತಿದ್ದುಪಡಿಗೇ ಎಂಎಂಆರ್ (ಮಿಸ್‌ಮ್ಯಾಚ್ ರಿಪೇರ್) ಎನ್ನುತ್ತಾರೆ. ನಾವು ಬಣ್ಣ ಹಾಕಿದಾಗ ಇವು ಇರುವ ಕೋಶಕೇಂದ್ರ ಕಂದಾಗುತ್ತದೆ. ಅಕ್ಕಪಕ್ಕದ ಆರೋಗ್ಯವಂತ ಕೋಶಗಳು ಕಂದಾಗಿ, ಗಡ್ಡೆಯ ಕೋಶಗಳು ಮಾತ್ರ ನೀಲಿಯಾಗಿಯೇ ಉಳಿದರೆ ತಿದ್ದುವವರು ಗೈರುಹಾಜರು ಎಂದರ್ಥ. ಈ ಕ್ಯಾನ್ಸರ್‌ಗಳಲ್ಲಿ ಸುಮಾರು ಕಾಲುಭಾಗ ಹೀಗಿರುತ್ತವೆ. ಚಿಕಿತ್ಸೆಯ ದೃಷ್ಟಿಯಿಂದ ಈ ಕೊರತೆಯೇ ಅನುಕೂಲ! ತಪ್ಪುಗಳು ರಾಶಿ ಬಿದ್ದ ಕೋಶವನ್ನು ದೇಹದ ರಕ್ಷಣಾ ಪಡೆಯಾದ ಟಿ ಕೋಶಗಳು ಪರಕೀಯವೆಂದು ಸುಲಭವಾಗಿ ಗುರುತಿಸುತ್ತವೆ. ಗಡ್ಡೆ ಪಿಡಿ-1 ಎಂಬ ಬ್ರೇಕ್ ಒತ್ತಿ ಅವನ್ನು ತಡೆದಿರುತ್ತದೆ. ಪೆಂಬ್ರೊಲಿಜುಮ್ಯಾಬ್, ಡೊಸ್ಟಾರ್ಲಿಮ್ಯಾಬ್ ಎಂಬ ಔಷಧಗಳು ಆ ಬ್ರೇಕನ್ನು ಬಿಡಿಸುತ್ತವೆ. ಇಲ್ಲಿ ಇಮ್ಯುನೊಥೆರಪಿ ಎಂದರೆ ಇದೇ, ಶಕ್ತಿ ಹೆಚ್ಚಿಸುವ ಟಾನಿಕ್ ಅಲ್ಲ. ಹೆಸರು ಹಾಗೆ ಕೇಳಿಸಿದರೆ ಕೇಳಿದವರ ತಪ್ಪೂ ಅಲ್ಲ.

ಇನ್ನು ಕಿಮೊ. ಹರಡಿದ ರೋಗಕ್ಕೆ ಮೊದಲ ಸುತ್ತಿನಲ್ಲಿ ಇಂದಿನ ವಾಡಿಕೆ ಕಾರ್ಬೊಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕಿಮೊ ಔಷಧಗಳ ಜೊತೆಗೇ ಇಮ್ಯುನೊಥೆರಪಿ ಕೊಡುವುದು, ಆಮೇಲೆ ಇಮ್ಯುನೊಥೆರಪಿಯೊಂದನ್ನೇ ಮುಂದುವರಿಸುವುದು. 2023ರಲ್ಲಿ ಪ್ರಕಟವಾದ ರೂಬಿ ಅಧ್ಯಯನದಲ್ಲಿ, ಎಂಎಂಆರ್ ಕೊರತೆಯಿದ್ದ ಮಹಿಳೆಯರ ಪೈಕಿ ಎರಡು ವರ್ಷದ ನಂತರವೂ ರೋಗ ಮುಂದುವರಿಯದೆ ಉಳಿದವರ ಅಂದಾಜು ಪ್ರಮಾಣ ಡೊಸ್ಟಾರ್ಲಿಮ್ಯಾಬ್ ಸೇರಿಸಿದಾಗ ಶೇ 61.4, ಕಿಮೊ ಮಾತ್ರ ಕೊಟ್ಟಾಗ ಶೇ 15.7. ಕಿಮೊ ಆದ ಮೇಲೂ ರೋಗ ಮರಳಿದರೆ, ಕೊರತೆ ಇರುವವರಿಗೆ ಇಮ್ಯುನೊಥೆರಪಿ ಒಂದನ್ನೇ ಕೊಡುವುದುಂಟು. ಕೊರತೆ ಇಲ್ಲದವರಿಗೆ ಲಾಭ ಕಡಿಮೆ, ಆದರೆ ಬಾಗಿಲು ಮುಚ್ಚಿಲ್ಲ. ಅವರಿಗೆ ಪೆಂಬ್ರೊಲಿಜುಮ್ಯಾಬ್ ಜೊತೆ ಲೆನ್ವಾಟಿನಿಬ್ ಮಾತ್ರೆಯೂ ಒಂದು ದಾರಿ.

ಬ್ರೇಕ್ ಬಿಟ್ಟ ಟಿ ಕೋಶಗಳು ಥೈರಾಯ್ಡ್, ಕರುಳು, ಶ್ವಾಸಕೋಶ, ಯಕೃತ್ತಿನ ಮೇಲೂ ಎರಗಬಹುದು, ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ. ಭೇದಿ ಶುರುವಾದರೆ ಮನೆಮದ್ದು ಮಾಡುತ್ತಾ ಕೂರದೆ ಅಂದೇ ವೈದ್ಯರಿಗೆ ತಿಳಿಸಿ.

ವರದಿಯಲ್ಲಿ ಎಂಎಸ್‌ಎಚ್2 ಅಥವಾ ಎಂಎಸ್‌ಎಚ್6 ಇಲ್ಲವೆಂದಿದ್ದರೆ ಪ್ರಶ್ನೆ ಕೇಳಲು ಬಂದವರನ್ನೂ ನಾನು ಕೂರಿಸಿಕೊಳ್ಳುತ್ತೇನೆ. ಅದು ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ದೋಷವಿರಬಹುದು. ರೋಗಿಯ ವಂಶವಾಹಿ ಪರೀಕ್ಷೆಯಲ್ಲಿ ಅದು ಖಚಿತವಾದರೆ ಅಕ್ಕತಂಗಿಯರು, ಅಣ್ಣತಮ್ಮಂದಿರು, ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ.