ಹಚ್ಚಿನೋ, ಸುಮ್ಮ ಮ್ಯಾಲೋ?

ನಮ್ಮ ಕಾಲೇಜಿನ ಹಿಂದಿನ ವರಾಂಡಕ್ಕೆ ಹಾಸಿದ್ದು ಶಹಾಬಾದ್ ಕಲ್ಲು. ಕಲಬುರಗಿಯಲ್ಲಿ ಅದೇನು ವಿಶೇಷವಲ್ಲ. ಮನೆ, ಗುಡಿ, ಅಂಗಡಿ ಎಲ್ಲಿ ನೋಡಿದರೂ ಅದೇ ಹಾಸು. ನಾನು ಲೆಕ್ಕ ಬಿಡಿಸಲು ಕಲಿತದ್ದು ಮಾತ್ರ ಆ ಕಲ್ಲಿನ ಮೇಲೆಯೇ. ಸಂಜೆ ಕ್ಲಾಸು ಬಿಟ್ಟ ಮೇಲೆ ಗಣಿತದ ಸರ್ ಅಲ್ಲಿ ಕೂತು, ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ನಮ್ಮಂಥ ಎಂಟು-ಹತ್ತು ಹುಡುಗರಿಗೆ ಒಂದು ಪೈಸೆ ಮುಟ್ಟದೆ ರೀಸನಿಂಗ್, ಅಂದರೆ ತರ್ಕದ ಲೆಕ್ಕ, ಹೇಳಿಕೊಡುತ್ತಿದ್ದರು. ಒಂದೊಂದು ಕಲ್ಲಿಗೆ ಸೀಮೆಸುಣ್ಣದಲ್ಲಿ ಒಂದೊಂದು ಹೆಸರು. ತಪ್ಪಿದರೆ ಒದ್ದೆ ಅರಿವೆ ಎಳೆದು ಮತ್ತೆ ಮೊದಲಿನಿಂದ.

ಆಗ ಗ್ರಾಮೀಣ ಬ್ಯಾಂಕಿನ ಪರೀಕ್ಷೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇತ್ತು. ಕನ್ನಡದಲ್ಲಿ ಬರೆಯುವ ಅವಕಾಶ ಸಿಕ್ಕಿದ್ದು 2019ರಲ್ಲಿ. ಪೂರ್ವಭಾವಿ ಪರೀಕ್ಷೆಗೆ 45 ನಿಮಿಷ, 80 ಪ್ರಶ್ನೆ, ಅದರಲ್ಲಿ ಅರ್ಧ ರೀಸನಿಂಗ್. ತಪ್ಪು ಬರೆದರೆ ಕಾಲು ಅಂಕ ಹೋಗುತ್ತಿತ್ತು. ಒಂದರ ಮೇಲೊಂದು ಇಟ್ಟ ಪೆಟ್ಟಿಗೆಗಳ ಲೆಕ್ಕ ಬಂದರೆ ಅದೊಂದಕ್ಕೇ ನಾಲ್ಕೈದು ಪ್ರಶ್ನೆ ಜೋತುಬಿದ್ದಿರುತ್ತಿದ್ದವು. ನನಗೆ ಅದನ್ನು ಕಂಡರೇ ಎದೆ ಹಾರುತ್ತಿತ್ತು.

ನಮ್ಮಪ್ಪ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಹಮಾಲಿ ಮಾಡುತ್ತಿದ್ದ. ಅದು ಗೊತ್ತಿದ್ದ ಸರ್ ಒಂದು ದಿನ ಪೆಟ್ಟಿಗೆ ಬಿಟ್ಟು ಚೀಲ ಹಿಡಿದರು. ಐದು ಚೀಲದ ಅಟ್ಟಿ: ತೊಗರಿ, ಜೋಳ, ಕಡಲೆ, ಹೆಸರು, ಶೇಂಗಾ. ಜೋಳ ತೊಗರಿಗಿಂತ ಮೇಲಿದೆ, ಅವೆರಡರ ನಡುವೆ ಸರಿಯಾಗಿ ಎರಡು ಚೀಲ. ಕಡಲೆ ತೊಗರಿಗೆ ಹಚ್ಚಿ, ಅಂದರೆ ತಾಗಿಕೊಂಡೇ, ಮೇಲಿದೆ. ಹೆಸರು ಕಡಲೆಯ ಮೇಲಿದೆ. ಶೇಂಗಾ ಹೆಸರಿನ ಮೇಲಿದೆ. ಯಾವ ಚೀಲ ಎಲ್ಲಿದೆ?

ಸರ್ ಕಲಿಸಿದಂತೆ ಪಕ್ಕಪಕ್ಕ ಎರಡು ಅಟ್ಟಿ ಬರೆದೆ. ಒಂದರಲ್ಲಿ ಜೋಳ ತುದಿಗೆ, ಇನ್ನೊಂದರಲ್ಲಿ ತುದಿಯಿಂದ ಎರಡನೆಯದು. ಮೊದಲನೆಯದರಲ್ಲಿ ಹೆಸರು ಕಡಲೆಯ ಮೇಲೆ ಕೂತ ಕೂಡಲೇ ಶೇಂಗಾಕ್ಕೆ ಉಳಿದದ್ದು ತಳ. ಅದನ್ನು ಒರೆಸಿದೆ. ಎರಡನೆಯದರಲ್ಲಿ ತಳಕ್ಕೆ ತೊಗರಿ, ಅದರ ಮೇಲೆ ಕಡಲೆ; ಖಾಲಿ ಇದ್ದದ್ದು ತುದಿ ಮತ್ತು ನಟ್ಟನಡುವೆ. ಶೇಂಗಾ ತುದಿಗಿಟ್ಟು ಹೆಸರನ್ನು ನಡುವೆ ಇಟ್ಟರೆ, ಅವೆರಡರ ಮಧ್ಯೆ ಜೋಳ ಬಂದು ಕೂತಿತು. ಅದನ್ನೂ ಒರೆಸಿಬಿಟ್ಟೆ. "ಸರ್, ಲೆಕ್ಕನ ತಪ್ಪದ" ಅಂದೆ.

"ಯಾಕ?"

"ಶೇಂಗಾ ಹೆಸರಿನ ಮ್ಯಾಲ ಇಲ್ಲಲ್ರಿ, ಜ್ವಾಳದ ಮ್ಯಾಲ ಅದ."

"ಜ್ವಾಳ ನಡಬರಕ ಬಂದ್ರ ಶೇಂಗಾ ತೆಳಗ ಇಳೀತದೇನು? ಹಚ್ಚಿ ಅದ ಅಂತ ಎಲ್ಲಿ ಬರ್ದಾರ ತಮ್ಮಾ, ತೋರ್ಸು." ಆಮೇಲೆ ವರಾಂಡದ ಆಚೆ ಕೈ ಮಾಡಿದರು. "ತಲಿ ಮ್ಯಾಲ ಮುಗಿಲು ಅದ. ಹಚ್ಚೇದೇನು?"

ಪುಸ್ತಕದ ಮೇಲೆ ಪೆನ್ನು ಅಂದರೆ ತಾಗಿರುತ್ತದೆ, ತಲೆಯ ಮೇಲೆ ಮುಗಿಲು ಅಂದರೆ ತಾಗಿರುವುದಿಲ್ಲ. ನಮ್ಮ ಕನ್ನಡದ 'ಮೇಲೆ' ಎರಡನ್ನೂ ಹೇಳುತ್ತದೆ. ನಾನು ಇಂಗ್ಲಿಷಿನಲ್ಲಿ ಓದಿ ಮನಸ್ಸಿನಲ್ಲಿ ಕನ್ನಡ ಮಾಡಿಕೊಳ್ಳುವಾಗ, ಯಾರೂ ಹೇಳದ 'ಹಚ್ಚಿ'ಯನ್ನು ಪ್ರತಿ ಸಲವೂ ಸೇರಿಸುತ್ತಿದ್ದೆ. ಎರಡು ವರ್ಷ ಎಡವಿದ ಕಲ್ಲು ಅದೇ. ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಎಲ್ಲರೂ ಅಂದಿದ್ದರು. ಎಡವುತ್ತಿರುವುದು ಎಲ್ಲಿ ಎಂದು ಬೆರಳಿಟ್ಟು ತೋರಿಸಿದವರು ಅವರೊಬ್ಬರೇ. ಐದು ಚೀಲವನ್ನು 120 ಬಗೆಯಲ್ಲಿ ಅಟ್ಟಿ ಹಚ್ಚಬಹುದು. ಮೊದಲ ಸುಳಿವಿಗೆ 12 ಉಳಿಯುತ್ತವೆ, ಎರಡನೆಯದಕ್ಕೆ 4, ಮೂರನೆಯದಕ್ಕೆ 3, ಕೊನೆಯದಕ್ಕೆ ಒಂದೇ ಒಂದು. ನಾನು ಒರೆಸಿದ್ದು ಆ ಒಂದನ್ನೇ.

ಅದು ತೊಗರಿ ಸುಗ್ಗಿ. ಅಪ್ಪ ರಾತ್ರಿ ತಡವಾಗಿ, ಮೈಯೆಲ್ಲ ಧೂಳಾಗಿ ಬಂದ. ಉಂಡಾದ ಮೇಲೆ ಅವನಿಗೆ ಇದೇ ಲೆಕ್ಕ ಹೇಳಿದೆ. ಅಪ್ಪನಿಗೆ ಓದು ಬರಹ ಇಲ್ಲ. ಎಡಗೈ ಅಡ್ಡ ಹಿಡಿದು ಕಿರುಬೆರಳು ತಳ, ಹೆಬ್ಬೆರಳು ತುದಿ ಮಾಡಿಕೊಂಡು ಕೇಳುತ್ತ ಹೋದ. ಶೇಂಗಾ ಹೆಸರಿನ ಮ್ಯಾಲ ಅಂದಾಗ ಬೆರಳು ನಿಂತಿತು.

"ಹಚ್ಚಿನೋ, ಸುಮ್ಮ ಮ್ಯಾಲೋ?"

ಮರುದಿನ ಸರ್‌ಗೆ ಇದನ್ನು ಹೇಳಿದೆ. ಅವರು ಸೀಮೆಸುಣ್ಣ ಕೆಳಗಿಟ್ಟರು. "ನಿಮ್ಮಪ್ಪಗ ನನ್ನ ಶರಣಾರ್ಥಿ ಹೇಳು" ಅಂದರು.

ಮುಂದೆ ಪರೀಕ್ಷೆ ಪಾಸಾದೆ, ಗ್ರಾಮೀಣ ಬ್ಯಾಂಕಿನಲ್ಲಿ ಕೆಲಸವೂ ಸಿಕ್ಕಿತು. ಆದರೆ ಕಾಲೇಜು ಅಂದರೆ ನನ್ನ ಕಣ್ಣಿಗೆ ಬರುವುದು ಆ ವಾರದ ಶನಿವಾರ. ಶರಣಾರ್ಥಿ ಮುಟ್ಟಿಸಿದಾಗ ಅಪ್ಪ ಏನೂ ಅಂದಿರಲಿಲ್ಲ. ಶನಿವಾರ ಹೊಸ ತೊಗರಿಬ್ಯಾಳಿ ಒಂದು ಗಂಟು ಕಟ್ಟಿ ನನ್ನ ಕೈಗೆ ಕೊಟ್ಟ. ಸರ್ ಅದನ್ನು ಎರಡೂ ಕೈ ಚಾಚಿ ತಗೊಂಡರು.